ಹೂವಾಡಿಗರ ಹೆಸರಿನ ಹಬ್ಬ

(ಸಂಘದ ವಾರ್ಷಿಕೋತ್ಸವ ಹಾಗೂ ವಿದ್ಯಾರ್ಥಿ ವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದವರು 'ಶಿಕ್ಷಣ ಮತ್ತು ಸಮುದಾಯ' ಎಂಬ ವಿಷಯದ ಮೇಲೆ ಮಾತನಾಡಿ ಎಂದಿದ್ದರು. ಆ ವಿಷಯದ ಮೇಲೆ ಈ ವೇದಿಕೆಯಲ್ಲಿ ಪ್ರತಿವರ್ಷ ಯಾರಾದರೂ ಮಾತನಾಡುತ್ತಾರೆ. ನನಗಿಂತ ಚೆನ್ನಾಗಿಯೇ ಮಾತನಾಡುತ್ತಾರೆ. ಆದ್ದರಿಂದ ನಾನು ಅಧ್ಯಕ್ಷರ ಅನುಮತಿ ಪಡೆದು ನಿಮಗೆ ಒಂದು ಹಬ್ಬದ ಕಥೆ ಹೇಳಲು ಬಂದಿದ್ದೇನೆ. ಅದು ದೆಹಲಿಯ ಹಬ್ಬ. ಉರ್ದುವಿನಲ್ಲಿ ಅದಕ್ಕೆ 'ಫೂಲ್ ವಾಲೋಂ ಕಿ ಸೈರ್' ಎನ್ನುತ್ತಾರೆ. ಓದಿಕೊಂಡವರು ಫಾರಸಿ ಬೆರೆಸಿ 'ಸೈರ್-ಎ-ಗುಲ್ ಫರೋಶಾಂ' ಎಂದೂ ಕರೆಯುತ್ತಾರೆ. ಗುಲ್ ಎಂದರೆ ಹೂವು, ಫರೋಶ್ ಎಂದರೆ ಮಾರುವವನು, ಸೈರ್ ಎಂದರೆ ವಿಹಾರ. ಕನ್ನಡದಲ್ಲಿ 'ಹೂವಾಡಿಗರ ವಿಹಾರ' ಎನ್ನಬಹುದು.

ಈ ಹೆಸರನ್ನು ಸ್ವಲ್ಪ ಗಮನಿಸಿ. ಈ ಹಬ್ಬವನ್ನು ಆರಂಭಿಸಿದವನು ಒಬ್ಬ ಬಾದಶಹ. ಹರಕೆ ಹೊತ್ತವಳು ಬೇಗಂ. ಹರಕೆಗೆ ಕಾರಣನಾದವನು ಶಹಜಾದ. ಅದು ತಲುಪುವ ಜಾಗ ಒಬ್ಬ ಮಹಾನ್ ಸೂಫಿಯ ದರ್ಗಾ. ಇಷ್ಟೆಲ್ಲ ದೊಡ್ಡ ಹೆಸರುಗಳಿದ್ದೂ ಹಬ್ಬಕ್ಕೆ ಹೆಸರು ಬಂದದ್ದು ಬುಟ್ಟಿ ಹೊತ್ತು ಹೂವು ಮಾರುವವರಿಂದ. ಹೀಗೇಕಾಯಿತು? ನಾನು ಹೇಳಲಿರುವುದು ಅಷ್ಟನ್ನೇ.

ದೆಹಲಿಯಲ್ಲಿ ಎರಡನೆಯ ಅಕ್ಬರ್ ಶಾ 1806ರಿಂದ 1837ರವರೆಗೆ ಬಾದಶಹನಾಗಿದ್ದ. ಬಾದಶಹ ಎನ್ನುವುದು ಬಾಯಿಮಾತಿಗೆ ಮಾತ್ರ. 1803ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ದೆಹಲಿಯನ್ನು ಹಿಡಿದಿತ್ತು. ಅರಮನೆಗೆ ಕಂಪನಿಯಿಂದ ಪಿಂಚಣಿ ಬರುತ್ತಿತ್ತು. ಕೆಂಪುಕೋಟೆಯ ಒಳಗೆ ದರ್ಬಾರು, ಹೊರಗೆ ಕಂಪನಿಯ ರೆಸಿಡೆಂಟ್. ಮುಂದಿನ ಬಾದಶಹ ಯಾರಾಗಬೇಕು ಎನ್ನುವುದನ್ನೂ ರೆಸಿಡೆಂಟನೇ ಹೇಳುವ ಕಾಲ ಅದು. ಅಕ್ಬರ್ ಶಾನಿಗೆ ತನ್ನ ಪ್ರೀತಿಯ ಬೇಗಂ ಮುಮ್ತಾಜ್ ಮಹಲಳ ಮಗ ಮಿರ್ಜಾ ಜಹಾಂಗೀರ್ ಉತ್ತರಾಧಿಕಾರಿಯಾಗಲಿ ಎಂಬ ಆಸೆ. ಈ ಮುಮ್ತಾಜ್ ಮಹಲ್ ತಾಜಮಹಲಿನ ಮುಮ್ತಾಜ್ ಅಲ್ಲ, ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬಾರದು. ಇವಳು ಸುಮಾರು ಇನ್ನೂರು ವರ್ಷ ಈಚಿನವಳು. ಕಂಪನಿಯವರು ಮಾತ್ರ ಹಿರಿಯ ಮಗ ಅಬೂ ಜಫರನೇ ಆಗಬೇಕು ಎಂದು ಹಟ ಹಿಡಿದರು. ಅವನೇ ಮುಂದೆ ಬಹಾದ್ದೂರ್ ಶಾ ಜಫರ್ ಆದವನು.

1806ರಿಂದ 1811ರವರೆಗೆ ಆರ್ಚಿಬಾಲ್ಡ್ ಸೀಟನ್ ಎಂಬಾತ ರೆಸಿಡೆಂಟನಾಗಿದ್ದ. ಮಿರ್ಜಾ ಜಹಾಂಗೀರ್ ಹದಿಹರೆಯದ ಹುಡುಗ, ಮುಂಗೋಪಿ, ತಾಯಿಯ ಮುದ್ದಿನಿಂದ ಕೆಟ್ಟವನು. ತುಂಬಿದ ದರ್ಬಾರಿನಲ್ಲಿ ಸೀಟನ್‌ನನ್ನು ನೋಡಿ 'ಲೂಲೂ ಹೈ ಬೇ' ಎಂದು ಛೇಡಿಸಿದನಂತೆ. ಲೂಲೂ ಎಂದರೆ ದಡ್ಡ, ಪೆದ್ದು ಎಂದ ಹಾಗೆ. ಆಸ್ಥಾನಿಕರಿಗೆ ಎದೆ ಒಡೆದುಹೋಯಿತು. ಅರಬಿಯಲ್ಲಿ 'ಲೂಲೂ' ಎಂದರೆ ಮುತ್ತು ಎಂಬ ಅರ್ಥವೂ ಇದೆಯಲ್ಲ? ಶಹಜಾದರು ನಿಮ್ಮನ್ನು ಮುತ್ತು ಎಂದು ಹೊಗಳಿದರು ಎಂದು ಯಾರೋ ಜಾಣತನ ತೋರಿಸಿದರಂತೆ. ಸೀಟನ್‌ಗೆ ಅದು ತಿಳಿಯದೆ ಹೋಗಲಿಲ್ಲ. ಕೆಲವು ದಿನಗಳ ನಂತರ ಹುಡುಗ ಇನ್ನೂ ಮುಂದೆ ಹೋದ. ಕೋಟೆಯ ನೌಬತ್ ಖಾನೆಯ ಮೇಲಿನಿಂದ ಸೀಟನ್‌ನ ಮೇಲೆ ಗುಂಡು ಹಾರಿಸಿದ. ಸೀಟನ್ ಪಾರಾದ. ಜೊತೆಗಿದ್ದ ಸೇವಕನೊಬ್ಬ ಸತ್ತ. ಆ ಸೇವಕನ ಹೆಸರನ್ನು ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ. ಕಥೆ ಹೇಳುವವರು ಅವನನ್ನು ದಾಟಿ ಮುಂದಕ್ಕೆ ಹೋಗುತ್ತಾರೆ, ನಾನೂ ಹಾಗೆಯೇ ಹೋಗುತ್ತಿದ್ದೇನೆ.

ಶಹಜಾದನನ್ನು ಅಲಹಾಬಾದಿಗೆ ಗಡೀಪಾರು ಮಾಡಿದರು. ತಾಯಿಯ ಗೋಳು ಹೇಳತೀರದು. ಅವಳು ಒಂದು ಮನ್ನತ್ ಹೊತ್ತಳು. ಮಗ ಬಿಡುಗಡೆಯಾಗಿ ಬಂದರೆ ಮೆಹ್ರೌಲಿಯ ಹಜರತ್ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ಮಜಾರಿಗೆ ಹೂವಿನ ಚಾದರ ಮತ್ತು ಹೂವಿನ ಮಸಹರಿ ಒಪ್ಪಿಸುತ್ತೇನೆ ಎಂದು. ಮಸಹರಿ ಎಂದರೆ ಮಂಚದ ಮೇಲೆ ಕಟ್ಟುವ ಮೇಲ್ಕಟ್ಟಿನ ಚಪ್ಪರ. ಮನ್ನತ್, ಚಾದರ ಇವುಗಳ ಬಗ್ಗೆ ಈ ಸಭೆಯಲ್ಲಿ ಕುಳಿತವರಲ್ಲೇ ಭಿನ್ನಾಭಿಪ್ರಾಯ ಇದೆ ಎಂದು ನನಗೆ ಗೊತ್ತು. ಊಟದ ಹೊತ್ತಿನಲ್ಲಿ ಅದನ್ನು ಚರ್ಚಿಸೋಣ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಗ ಬಿಡುಗಡೆಯಾಗಿ ಬಂದ. 1812ರ ಸುಮಾರು ಎನ್ನುತ್ತಾರೆ. ಹರಕೆ ತೀರಿಸಲು ಇಡೀ ಅರಮನೆ ಕೆಂಪುಕೋಟೆಯಿಂದ ಮೆಹ್ರೌಲಿಗೆ ಹೊರಟಿತು. ಇಂದಿನ ರಸ್ತೆಯಲ್ಲಿ ಹದಿನೆಂಟು-ಇಪ್ಪತ್ತು ಕಿಲೋಮೀಟರ್ ದಾರಿ. ಅರಮನೆ ಹೊರಟ ಮೇಲೆ ಶಹರದವರು ಮನೆಯಲ್ಲಿ ಕೂರುತ್ತಾರೆಯೇ? ಅರ್ಧ ದೆಹಲಿ ಹಿಂದೆಯೇ ಹೊರಟಿತು. ಮಳೆ ಮುಗಿಯುತ್ತಾ ಬಂದ ಕಾಲ. ಕೆರೆ ತುಂಬಿತ್ತು, ತೋಪುಗಳು ಹಸಿರಾಗಿದ್ದವು. ಮಾವಿನ ಮರಗಳಿಗೆ ಜೋಕಾಲಿ ಕಟ್ಟಿದರು. ಜನರಿಗೆ ಅದೊಂದು ಜಾತ್ರೆಯಾಯಿತು.

ಚಾದರವನ್ನೂ ಮಸಹರಿಯನ್ನೂ ಕಟ್ಟುವ ಕೆಲಸ ಹೂವಾಡಿಗರಿಗೆ ಬಂತು. ಬೇಗಂ ಹೇಳಿದ್ದು ಅಷ್ಟನ್ನೇ, ಚಾದರ ಮತ್ತು ಮಸಹರಿ. ಕಟ್ಟುತ್ತಾ ಕುಳಿತ ಹೂವಾಡಿಗರು ತಮ್ಮದೇ ಒಂದು ವಸ್ತುವನ್ನು ಅದಕ್ಕೆ ಸೇರಿಸಿದರು. ಹೂವಿನಿಂದ ಒಂದು ಬೀಸಣಿಗೆ, ಅಂದರೆ ಪಂಖಾ ಮಾಡಿ ಮಸಹರಿಯಲ್ಲಿ ತೂಗುಬಿಟ್ಟರು. ಯಾರೂ ಕೇಳಿರಲಿಲ್ಲ. ಹರಕೆಯಲ್ಲಿ ಅದು ಇರಲಿಲ್ಲ. ಕೆಲಸ ಬಲ್ಲವನ ಕೈ ಒಮ್ಮೊಮ್ಮೆ ಹೇಳಿದ್ದಕ್ಕಿಂತ ಒಂದು ಗೆಣ್ಣು ಮುಂದೆ ಹೋಗುತ್ತದೆ. ಮಲಗಿದವರಿಗೆ ಗಾಳಿ ಬೀಸಬೇಕಲ್ಲ ಎಂದುಕೊಂಡರೋ, ಮೇಲ್ಕಟ್ಟು ಬೋಳಾಗಿ ಕಂಡಿತೋ, ಅಂತೂ ಬೀಸಣಿಗೆ ತೂಗಿತು.

ಆ ಬೀಸಣಿಗೆಯೇ ಮುಂದೆ ಹಬ್ಬವಾಯಿತು.

ಬಾದಶಹನಿಗೆ ಇದು ಬಹಳ ಹಿಡಿಸಿತು. ಜನರಿಗೂ ಹಿಡಿಸಿತು. ಪ್ರತಿವರ್ಷ ಮಳೆಗಾಲದ ಕೊನೆಗೆ, ಭಾದೋಂ ತಿಂಗಳಲ್ಲಿ, ಅಂದರೆ ನಮ್ಮ ಭಾದ್ರಪದದ ಹೊತ್ತಿಗೆ ಇದನ್ನು ನಡೆಸಬೇಕು ಎಂದು ತೀರ್ಮಾನವಾಯಿತು. ಮುಸಲ್ಮಾನರು ಖ್ವಾಜಾರವರ ದರ್ಗಾಕ್ಕೆ ಪಂಖಾ ತರುವುದು, ಹಿಂದೂಗಳು ಸಮೀಪದಲ್ಲೇ ಇರುವ ಯೋಗಮಾಯಾ ದೇವಿಯ ಗುಡಿಗೆ ಪಂಖಾ ತರುವುದು. ಒಂದು ದಿನ ಗುಡಿಯ ಪಂಖಾ, ಇನ್ನೊಂದು ದಿನ ದರ್ಗಾದ ಪಂಖಾ. ಎರಡರಲ್ಲೂ ಎರಡೂ ಕಡೆಯವರು ನಡೆಯುವುದು. ಯೋಗಮಾಯಾ ಗುಡಿಯ ಈಗಿನ ಕಟ್ಟಡವನ್ನು ಅದೇ ಅಕ್ಬರ್ ಶಾನ ಕಾಲದಲ್ಲಿ, 1827ರಲ್ಲಿ, ಅವನ ಆಸ್ಥಾನದ ಒಬ್ಬ ಲಾಲಾ ಕಟ್ಟಿಸಿದ. ಬಹಾದ್ದೂರ್ ಶಾ ಜಫರನ ಬಗ್ಗೆ ಒಂದು ಮಾತು ಹೇಳುತ್ತಾರೆ. ಒಂದು ವರ್ಷ ಅವನಿಗೆ ಗುಡಿಯ ಪಂಖಾದ ಜೊತೆ ಹೋಗಲಾಗಲಿಲ್ಲ. ಮಾರನೆಯ ದಿನ ದರ್ಗಾಕ್ಕೆ ಹೊರಡಿ ಎಂದಾಗ, ಅಲ್ಲಿಗೆ ಹೋಗದವನು ಇಲ್ಲಿಗೂ ಹೋಗುವುದಿಲ್ಲ ಎಂದುಬಿಟ್ಟನಂತೆ.

ಈ ಕಥೆಯ ಬಹುಭಾಗ ನಮಗೆ ಉಳಿದು ಬಂದಿರುವುದು ಮಿರ್ಜಾ ಫರ್ಹತುಲ್ಲಾ ಬೇಗ್ ಎಂಬ ಉರ್ದು ಲೇಖಕರಿಂದ. 1883ರಲ್ಲಿ ಹುಟ್ಟಿದ ಅವರು ದೆಹಲಿಯವರು, ಕೆಲಸ ಮಾಡಿದ್ದು ಹೈದರಾಬಾದ್ ಸಂಸ್ಥಾನದಲ್ಲಿ. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಅದೇ ಸಂಸ್ಥಾನದಲ್ಲಿದ್ದವು. ಅವರು ಈ ಹಬ್ಬದ ಬಗ್ಗೆ ಬರೆದದ್ದು ಹಬ್ಬ ಆರಂಭವಾಗಿ ನೂರು ವರ್ಷ ಕಳೆದ ಮೇಲೆ. ದೂರದ ಊರಿನಲ್ಲಿ ಕುಳಿತು ಹುಟ್ಟೂರನ್ನು ನೆನೆಯುವವನ ಬರಹದಲ್ಲಿ ಸ್ವಲ್ಪ ಸಕ್ಕರೆ ಹೆಚ್ಚಾಗಿಯೇ ಬೀಳುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಅದನ್ನು ತಿಳಿದುಕೊಂಡೇ ಓದಬೇಕು. ಆದರೂ ಹೂವಾಡಿಗರು ತಾವಾಗಿಯೇ ಪಂಖಾ ತೂಗಿದರು ಎಂಬ ಒಂದು ವಿವರವನ್ನು ಬಿಡದೆ ಬರೆದದ್ದಕ್ಕೆ ನಾನು ಅವರಿಗೆ ಋಣಿ. ರಾಜರ ಕಥೆ ಬರೆಯುವ ಬೇರೆಯವರಾಗಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದರು.

ಇನ್ನು ಆ ಶಹಜಾದನ ಗತಿ. ಬಿಡುಗಡೆಯಾಗಿ ಬಂದವನು ತಿದ್ದಿಕೊಳ್ಳಲಿಲ್ಲ. ಮತ್ತೆ ಅಲಹಾಬಾದಿಗೇ ಕಳಿಸಿದರು. ಕುಡಿತಕ್ಕೆ ಬಿದ್ದು 1821ರಲ್ಲಿ ಅಲ್ಲೇ ಸತ್ತ, ಆಗ ಅವನಿಗೆ ಮೂವತ್ತೊಂದು ವರ್ಷ. ದೆಹಲಿಯ ನಿಜಾಮುದ್ದೀನ್ ಔಲಿಯಾ ದರ್ಗಾದ ಆವರಣದಲ್ಲಿ ಅಮೃತಶಿಲೆಯ ಜಾಲಂದರದ ಒಳಗೆ ಅವನ ಗೋರಿ ಇದೆ. ಯಾರಿಗಾಗಿ ಹರಕೆ ಹೊತ್ತಿದ್ದೋ ಅವನು ಹತ್ತು ವರ್ಷ ಬಾಳಲಿಲ್ಲ. ಹರಕೆಯಲ್ಲಿ ಇಲ್ಲದ ಬೀಸಣಿಗೆ ಎರಡು ಶತಮಾನ ದಾಟಿತು.

ಮೆಹ್ರೌಲಿಯ ಬಗ್ಗೆ ಎರಡು ಮಾತು ಹೇಳಬೇಕು. ನೀವು ದೆಹಲಿ ಪ್ರವಾಸಕ್ಕೆ ಹೋದಾಗ ಕುತುಬ್ ಮಿನಾರ್ ನೋಡಿ ಬಸ್ಸು ಹತ್ತುತ್ತೀರಿ. ಅಲ್ಲಿಂದ ಸ್ವಲ್ಪ ನಡೆದರೆ ಖ್ವಾಜಾರವರ ದರ್ಗಾ. ಖ್ವಾಜಾ ಕುತ್ಬುದ್ದೀನ್ ಅಜ್ಮೇರಿನ ಖ್ವಾಜಾ ಮುಯೀನುದ್ದೀನ್ ಚಿಶ್ತಿಯವರ ಶಿಷ್ಯರು, 1235ರಲ್ಲಿ ತೀರಿಕೊಂಡವರು. ಅವರ ಶಿಷ್ಯರು ಬಾಬಾ ಫರೀದ್, ಅವರ ಶಿಷ್ಯರು ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯರು ನಸೀರುದ್ದೀನ್ ಚಿರಾಗ್ ದೆಹಲಿ, ಅವರ ಶಿಷ್ಯರು ನಮ್ಮ ಕಲಬುರಗಿಯ ಖ್ವಾಜಾ ಬಂದೇ ನವಾಜ್ ಗೇಸೂದರಾಜ್. ಕಲಬುರಗಿಯ ದರ್ಗಾದ ಮುಂದೆ ಗುಲಾಬಿ ಮಾರುವವನಿಗೂ ಮೆಹ್ರೌಲಿಯ ಹೂವಾಡಿಗನಿಗೂ ಈ ಗುರುಪರಂಪರೆಯಲ್ಲಿ ನಾಲ್ಕು ಮೆಟ್ಟಿಲು ಮಾತ್ರ ದೂರ. ದರ್ಗಾದ ಪಕ್ಕದಲ್ಲೇ ಜಫರ್ ಮಹಲ್ ಇದೆ. ಮೊಗಲರು ಕಟ್ಟಿಸಿದ ಕೊನೆಯ ಅರಮನೆ ಎಂದು ಅದನ್ನು ಹೇಳುತ್ತಾರೆ. ಹಬ್ಬಕ್ಕೆ ಬಂದ ಬಾದಶಹ ಇಳಿದುಕೊಳ್ಳುತ್ತಿದ್ದದ್ದು ಅಲ್ಲೇ. ಮುಂದಕ್ಕೆ ಹೋದರೆ ಸುಲ್ತಾನ ಇಲ್ತಮಶ್ ತೋಡಿಸಿದ ಹೌಜ್-ಎ-ಶಮ್ಸಿ ಎಂಬ ಕೆರೆ, ಅದರ ದಡದಲ್ಲಿ ಜಹಾಜ್ ಮಹಲ್, ಕೆರೆಯ ನೀರು ಹರಿದು ಬೀಳುವ ಝರ್ನಾ. ಹಬ್ಬದಲ್ಲಿ ಈಜುವವರಿಗೆ ಈಜು, ಕುಸ್ತಿಯವರಿಗೆ ಕುಸ್ತಿ, ಗಾಳಿಪಟ, ರಾತ್ರಿ ಕವ್ವಾಲಿ.

ಈಗ ಹೂವಿನ ಕಸುಬಿನ ಮಾತಿಗೆ ಬರುತ್ತೇನೆ. 'ಹೂವು ಮಾರುವುದೂ ಒಂದು ಕಸುಬೇ? ಬೀದರಿನ ಬಿದ್ರಿ ಕೆಲಸ, ಚನ್ನಪಟ್ಟಣದ ಗೊಂಬೆ ಎಂದರೆ ಸರಿ' ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಬಿದ್ರಿಯವನು ಮಾಡಿದ ಹೂದಾನಿ ಇಂದು ಮಾರಾಟವಾಗದಿದ್ದರೆ ಮುಂದಿನ ವರ್ಷ ಆಗುತ್ತದೆ. ಹೂವಿನವನಿಗೆ ಆ ಅವಕಾಶ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಮಂಡಿಯಲ್ಲಿ ಹಿಡಿದ ಮಾಲು ರಾತ್ರಿ ಎಂಟರೊಳಗೆ ಹಣವಾಗಬೇಕು, ಇಲ್ಲದಿದ್ದರೆ ಕಸ. ಮೊಗ್ಗು ಎಷ್ಟು ಹೊತ್ತಿಗೆ ಅರಳುತ್ತದೆ ಎಂದು ಬೆರಳಿಗೆ ಗೊತ್ತಿರಬೇಕು. ಸಂಜೆಯ ನಿಕಾಹ್‌ಗೆ ಕಟ್ಟುವ ಸೆಹ್ರಾದ ಮೊಗ್ಗು ಬಿಗಿಯಾಗಿರಬೇಕು, ವರನ ಮುಖದ ಮೇಲೆ ಅದು ಅರಳಬೇಕು. ಮಧ್ಯಾಹ್ನದ ಮೆರವಣಿಗೆಯ ಹಾರಕ್ಕೆ ಅರ್ಧ ಅರಳಿದ್ದು ಬೇಕು. ನೀರು ಚಿಮುಕಿಸುವುದರಲ್ಲೂ ಹದ ಇದೆ, ಹೆಚ್ಚಾದರೆ ಕಪ್ಪಾಗುತ್ತದೆ, ಕಡಿಮೆಯಾದರೆ ಬಾಡುತ್ತದೆ. ಉತ್ತರದವರು ಸಾಮಾನ್ಯವಾಗಿ ಸೂಜಿಯಿಂದ ಹೂವನ್ನು ಪೋಣಿಸುತ್ತಾರೆ. ನಮ್ಮ ಕಡೆ ಮಲ್ಲಿಗೆಯನ್ನು ಚುಚ್ಚುವುದಿಲ್ಲ, ತೊಟ್ಟಿಗೆ ಬಾಳೆಯ ನಾರನ್ನೋ ದಾರವನ್ನೋ ಸುತ್ತಿ ಗಂಟು ಹಾಕುತ್ತೇವೆ. ಕಣ್ಣು ಮುಚ್ಚಿಕೊಂಡು, ಗಿರಾಕಿಯ ಜೊತೆ ಮಾತನಾಡುತ್ತಾ, ಮೊಳಗಟ್ಟಲೆ ಕಟ್ಟುವ ಕೈಗಳನ್ನು ನೀವೆಲ್ಲ ನೋಡಿದ್ದೀರಿ. ನೋಡಿದ್ದೀರಿ, ಆದರೆ ಗಮನಿಸಿಲ್ಲ.

ಪಂಖಾ ಕಟ್ಟುವುದು ಇದಕ್ಕಿಂತ ದೊಡ್ಡ ಕೆಲಸ. ಬಿದಿರಿನ ಸೀಳುಗಳಿಂದ ಚೌಕಟ್ಟು ಮಾಡಬೇಕು. ಅದರ ಮೇಲೆ ಬಣ್ಣದ ಕಾಗದ, ಬೇಗಡೆ, ಜರಿಯ ಅಂಚು. ಆಮೇಲೆ ಹೂವು. ಆಳೆತ್ತರಕ್ಕೂ ಮೀರಿದ ಬೀಸಣಿಗೆಯನ್ನು ಉದ್ದದ ಕೋಲಿಗೆ ಕಟ್ಟಿ ಎತ್ತಿ ಹಿಡಿದು, ಶಹನಾಯಿಯ ಹಿಂದೆ, ಜನಜಂಗುಳಿಯಲ್ಲಿ ನಡೆಯಬೇಕು. ಅಂದರೆ ಬಿದಿರಿನವನು, ಕಾಗದದವನು, ಜರಿಯವನು, ಹೂವಿನವನು ಎಲ್ಲರ ಕೈ ಅದರಲ್ಲಿ ಸೇರುತ್ತದೆ. ಹಳೆಯ ದೆಹಲಿಯಲ್ಲಿ ಇವರೆಲ್ಲ ಒಂದೇ ಮತದವರಾಗಿರಲಿಲ್ಲ. ಇಂದೂ ಇಲ್ಲ. ಸೌಹಾರ್ದದ ಬಗ್ಗೆ ನಾವು ಭಾಷಣ ಮಾಡುತ್ತೇವೆ. ಈ ಜನಕ್ಕೆ ಅದಕ್ಕೆ ಪುರುಸೊತ್ತಿರಲಿಲ್ಲ. ಗುಡಿಯ ಪಂಖಾವೂ ದರ್ಗಾದ ಪಂಖಾವೂ ಸಮಯಕ್ಕೆ ಸರಿಯಾಗಿ ಸಿದ್ಧವಾಗಬೇಕಿತ್ತು, ಅಷ್ಟೆ.

1857ರ ದಂಗೆಯ ನಂತರ ಬಹಾದ್ದೂರ್ ಶಾನನ್ನು ರಂಗೂನಿಗೆ ಸಾಗಿಸಿದರು. 1862ರ ನವೆಂಬರ್ 7ರಂದು ಅವನು ಅಲ್ಲೇ ತೀರಿಕೊಂಡ. ಮೆಹ್ರೌಲಿಯಲ್ಲಿ ದರ್ಗಾದ ಪಕ್ಕದ ಆವರಣದಲ್ಲಿ ಒಂದನೆಯ ಬಹಾದ್ದೂರ್ ಶಾ, ಶಾ ಆಲಂ, ಅಕ್ಬರ್ ಶಾ ಇವರ ಗೋರಿಗಳಿವೆ. ನಡುವೆ ಒಬ್ಬನಿಗಾಗುವಷ್ಟು ಜಾಗ ಖಾಲಿ ಇದೆ. ಅದು ಜಫರ್ ತನಗಾಗಿ ಇಟ್ಟುಕೊಂಡಿದ್ದ ಜಾಗ. ದರ್ಬಾರು ಹೋಯಿತು, ಪಿಂಚಣಿಯೂ ಹೋಯಿತು. ಹಬ್ಬ ಮಾತ್ರ ನಿಲ್ಲಲಿಲ್ಲ. ಏಕೆಂದರೆ ಪಂಖಾ ಕಟ್ಟುವವರು ಅಲ್ಲೇ ಇದ್ದರು. ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲೂ ಅದು ನಡೆದುಕೊಂಡು ಬಂತು.

1942ರಲ್ಲಿ ನಿಂತಿತು. ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಹಿಂದೂ ಮುಸ್ಲಿಮರು ಒಟ್ಟಾಗಿ ಸಾವಿರಾರು ಸಂಖ್ಯೆಯಲ್ಲಿ ಸೇರುವ ಹಬ್ಬವನ್ನು ಆ ಹೊತ್ತಿನ ಸರ್ಕಾರ ಹೇಗೆ ನೋಡಿರಬಹುದು ಎಂದು ನೀವೇ ಊಹಿಸಿ. ಐದು ವರ್ಷದಲ್ಲಿ ದೇಶ ಇಬ್ಭಾಗವಾಯಿತು. 1947ರ ಗಲಭೆಯಲ್ಲಿ ಮೆಹ್ರೌಲಿಯ ಮುಸಲ್ಮಾನರು ಮನೆಮಾರು ಬಿಟ್ಟು ಓಡಬೇಕಾಯಿತು. ದರ್ಗಾಕ್ಕೂ ಹಾನಿಯಾಯಿತು.

1948ರ ಜನವರಿ 13ರಂದು ಗಾಂಧೀಜಿ ದೆಹಲಿಯಲ್ಲಿ ತಮ್ಮ ಕೊನೆಯ ಉಪವಾಸ ಆರಂಭಿಸಿದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. ಉಪವಾಸ ಬಿಡಲು ನಗರದ ಮುಖಂಡರು ಒಪ್ಪಿ ಬರೆದುಕೊಟ್ಟ ಮಾತುಗಳಲ್ಲಿ ಒಂದು ಖ್ವಾಜಾ ಕುತ್ಬುದ್ದೀನರ ದರ್ಗಾದ ಉರುಸ್ ಎಂದಿನಂತೆ ನಡೆಯಬೇಕು, ಮುಸಲ್ಮಾನರು ನಿರ್ಭಯವಾಗಿ ಭಾಗವಹಿಸುವಂತಾಗಬೇಕು ಎಂಬುದಾಗಿತ್ತು. ಇದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಉರುಸ್ ನಡೆಯಿತು. ಜನವರಿ 27ರಂದು ಗಾಂಧೀಜಿ ಸ್ವತಃ ಮೆಹ್ರೌಲಿಗೆ ಹೋದರು. ಉಪವಾಸದಿಂದ ಇನ್ನೂ ಚೇತರಿಸಿಕೊಂಡಿರದ ಮುದುಕರು, ಹಾನಿಗೊಂಡ ದರ್ಗಾವನ್ನು ನೋಡಿ ಮರುಗಿದರು. ಮೂರು ದಿನಗಳ ನಂತರ ಅವರು ಇರಲಿಲ್ಲ. ಉರುಸ್ ಬೇರೆ, ಹೂವಾಡಿಗರ ಹಬ್ಬ ಬೇರೆ, ಎರಡನ್ನೂ ಒಂದು ಮಾಡಿಕೊಳ್ಳಬೇಡಿ. ಆದರೆ ಅಂದು ಉರುಸ್ ನಡೆಯದೆ ಹೋಗಿದ್ದರೆ ಮುಂದೆ ಪಂಖಾ ಹೊರಲು ಅಲ್ಲಿ ಯಾರಿರುತ್ತಿದ್ದರು?

ಇಪ್ಪತ್ತು ವರ್ಷ ನಿಂತಿದ್ದ ಹಬ್ಬ 1962ರ ಹೊತ್ತಿಗೆ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಸಕ್ತಿಯಿಂದ ಮತ್ತೆ ಆರಂಭವಾಯಿತು. ನಡೆಸುವ ಹೊಣೆ ಹೊತ್ತ ಸಂಸ್ಥೆಯ ಹೆಸರು 'ಅಂಜುಮನ್ ಸೈರ್-ಎ-ಗುಲ್ ಫರೋಶಾಂ'. ಸಂಘದ ಹೆಸರಿನಲ್ಲೂ ಹೂವಾಡಿಗರೇ. ರಾಷ್ಟ್ರಪತಿಗಳ ಹೆಸರಿನಲ್ಲಿ, ರಾಜ್ಯಗಳ ಹೆಸರಿನಲ್ಲಿ ಪಂಖಾಗಳು ಬರುವ ಪದ್ಧತಿ ಬೆಳೆಯಿತು. ಸರ್ಕಾರ ಕೈಹಾಕಿದ ಮೇಲೆ ವೇದಿಕೆ, ಮೈಕು, ಗಣ್ಯರ ಸಾಲು ಎಲ್ಲ ಬಂದವು. ಹಬ್ಬವು ಮಳೆಗಾಲದ ಕೊನೆಯಿಂದ ಅಕ್ಟೋಬರ್-ನವೆಂಬರ್ ಕಡೆಗೆ ಸರಿಯಿತು. ಮೆಹ್ರೌಲಿಯಲ್ಲಿದ್ದ ಸಗಟು ಹೂವಿನ ಮಂಡಿ 2011ರಲ್ಲಿ ಊರಾಚೆ ಗಾಜಿಪುರಕ್ಕೆ ಹೋಯಿತು. ಹೂವಾಡಿಗರ ಹಬ್ಬದ ಊರಿನಿಂದ ಹೂವಿನ ಮಂಡಿಯೇ ಹೋದದ್ದು ನನಗೆ ಮನಸ್ಸಿಗೆ ಬರಲಿಲ್ಲ. ಸಂಚಾರ, ಜಾಗ ಎಂದು ಕಾರಣಗಳಿರುತ್ತವೆ, ಇರಲಿ.

ಇಷ್ಟು ದೂರದ ಕಥೆಯನ್ನು ನಿಮಗೇಕೆ ಹೇಳಿದೆ ಎಂದು ಕೇಳಬಹುದು. ಅದಕ್ಕೆ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನನ್ನ ತಂದೆ ನಮ್ಮೂರ ಪೇಟೆಯಲ್ಲಿ ಹೂವು ಕಟ್ಟುತ್ತಿದ್ದರು. ಅವರ ತಂದೆಯೂ ಅದನ್ನೇ ಮಾಡಿದವರು. ಶುಕ್ರವಾರ ದರ್ಗಾದ ಚಾದರ, ಮದುವೆಗೆ ಸೆಹ್ರಾ, ಚೌತಿಗೆ ಗಣಪತಿಯ ಹಾರ, ದಸರಾದಲ್ಲಿ ಬಸ್ಸು ಲಾರಿಗಳ ಹಾರ, ಎಲ್ಲವೂ ಒಂದೇ ಹಲಗೆಯ ಮೇಲೆ ಆಗುತ್ತಿದ್ದವು. ನಾನು ಹೈಸ್ಕೂಲಿಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಕಲಂ ಇತ್ತು. ತುಂಬಿದವನು ನಾನೇ. 'ವ್ಯಾಪಾರ' ಎಂದು ಬರೆದೆ. ಹೂವಿನ ವ್ಯಾಪಾರ ಎಂದೂ ಬರೆಯಲಿಲ್ಲ. ಮುಂದೆ ಕಾಲೇಜಿನಲ್ಲಿ 'ಬಿಸಿನೆಸ್' ಎಂದು ಬರೆದೆ. ಕೆಲಸಕ್ಕೆ ಸೇರಿದ ಮೇಲೆ ಸಹೋದ್ಯೋಗಿಗಳು ಕೇಳಿದರೆ ಮಾತು ಮರೆಸುತ್ತಿದ್ದೆ. ನನ್ನ ಫೀಜು, ಪುಸ್ತಕ, ಹಾಸ್ಟೆಲ್ ಎಲ್ಲವೂ ಮೊಳದ ಲೆಕ್ಕದಲ್ಲಿ ಬಂದದ್ದು. ಬಿ.ಎ. ಮುಗಿಸುವ ಹೊತ್ತಿಗೆ ತಂದೆಯ ಎಡಗೈಯ ಹೆಬ್ಬೆರಳಿನಲ್ಲಿ ದಾರ ಕೊಯ್ದ ಗೀರು ಆಳವಾಗಿ ಗುಳಿ ಬಿದ್ದಿತ್ತು.

ದಾವೂದ್ ಅಲೈಹಿಸ್ಸಲಾಮ್ ಕೈಯಿಂದ ಕವಚ ಮಾಡಿ ಬದುಕಿದವರು, ಜಕರಿಯಾ ಅಲೈಹಿಸ್ಸಲಾಮ್ ಬಡಗಿ ಎಂದು ಮದ್ರಸಾದಲ್ಲಿ ಕಲಿತಿದ್ದೆ. ದೊಡ್ಡ ದೊಡ್ಡ ಸೂಫಿಗಳ ಹೆಸರಿನ ಹಿಂದೆ ಹಲ್ಲಾಜ್, ಅತ್ತಾರ್ ಎಂದು ಕಸುಬಿನ ಹೆಸರೇ ಇದೆ. ಹಲ್ಲಾಜ್ ಎಂದರೆ ಹತ್ತಿ ಹಿಂಜುವವನು, ನಮ್ಮ ಪಿಂಜಾರ. ಅತ್ತಾರ್ ಎಂದರೆ ಸುಗಂಧ, ಔಷಧಿ ಮಾರುವವನು. ಇದನ್ನೆಲ್ಲ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು ಅಂಕ ಪಡೆದಿದ್ದೇನೆ. ಅರ್ಜಿಯಲ್ಲಿ ಮಾತ್ರ 'ವ್ಯಾಪಾರ'.

ಮಕ್ಕಳೇ, ಕುಲಕಸುಬನ್ನೇ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ತಂದೆಯೇ ನನ್ನನ್ನು ಬಯ್ಯುತ್ತಿದ್ದರು. ನಾನು ಹಲಗೆಯ ಮೇಲೆ ಕುಳಿತರೆ ಎಬ್ಬಿಸಿ ಓದಲು ಕಳಿಸುತ್ತಿದ್ದರು. ಬಿಸಿಲು, ನೀರು, ಸಾಲ, ಬಾಡಿದ ಮಾಲು, ಇವುಗಳ ಮೇಲೆ ಕವಿತೆ ಬರೆಯುವುದು ಸುಲಭ, ಬದುಕುವುದು ಸುಲಭವಲ್ಲ. ನೀವು ಡಾಕ್ಟರು, ಇಂಜಿನಿಯರು, ಶಿಕ್ಷಕರಾಗಿ. ಈ ಸಂಘ ಇರುವುದೇ ಅದಕ್ಕಾಗಿ. ಇಂದು ವೇತನ ಪಡೆಯುವ ಮಕ್ಕಳ ಅರ್ಜಿಗಳನ್ನು ನಿನ್ನೆ ಕಾರ್ಯದರ್ಶಿಗಳು ನನಗೆ ತೋರಿಸಿದರು. ಹೆಸರು ಹೇಳುವುದಿಲ್ಲ. ಅದೇ ಕಲಂನಲ್ಲಿ 'ವ್ಯಾಪಾರ', 'ಖಾಸಗಿ', 'ಇತರೆ' ಎಂದು ಬಹಳ ಕಡೆ ಕಂಡಿತು. ಒಂದು ಹುಡುಗಿ ಮಾತ್ರ 'ತಂದೆ ಹಾಸಿಗೆ ಹೊಲಿಯುತ್ತಾರೆ' ಎಂದು ಪೂರ್ತಿ ವಾಕ್ಯವನ್ನೇ ಬರೆದಿದ್ದಾಳೆ. ನಾನು ನಲವತ್ತು ವರ್ಷದಲ್ಲಿ ಕಲಿತದ್ದನ್ನು ಅವಳು ಹದಿನೈದಕ್ಕೇ ಕಲಿತಿದ್ದಾಳೆ. ಸಂಘದವರಿಗೆ ನನ್ನದೊಂದು ವಿನಂತಿ ಇದೆ. ಮುಂದಿನ ವರ್ಷದಿಂದ ಆ ಕಲಂನ ಕೆಳಗೆ ಇನ್ನೆರಡು ಗೆರೆ ಜಾಗ ಬಿಡಿ, ಅವರು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದು ಮಕ್ಕಳು ಬರೆಯಲಿ. ಹತ್ತು ವರ್ಷದಲ್ಲಿ ಈ ಊರಿನ ಕಸುಬುಗಳ ಒಂದು ಪುಸ್ತಕವೇ ಸಂಘದ ಕಪಾಟಿನಲ್ಲಿ ಇರುತ್ತದೆ.

ದೆಹಲಿಯ ಹಬ್ಬದ ಕಥೆಯನ್ನು ನಾನು ಮೊದಲು ಓದಿದ ವರ್ಷ ತಂದೆಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಆದರೂ ಸಂಜೆ ಹಲಗೆಯ ಮೇಲೆ ಕೂರುವುದನ್ನು ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕುಳಿತು ಬಾದಶಹ, ಬೇಗಂ, ಶಹಜಾದ, ಸೀಟನ್ ಎಲ್ಲರ ಕಥೆಯನ್ನೂ ಹೇಳಿದೆ. ಅವರು ಕಟ್ಟುತ್ತಲೇ ಕೇಳಿದರು. ಗುಂಡು ಹಾರಿಸಿದ್ದಕ್ಕೂ ಕೈ ನಿಲ್ಲಲಿಲ್ಲ. ಹೂವಾಡಿಗರು ತಾವಾಗಿಯೇ ಬೀಸಣಿಗೆ ಕಟ್ಟಿ ತೂಗಿದರು ಎಂದಾಗ ನಿಂತಿತು.

'ಅದಕ್ಕೆ ಬೇರೆ ದುಡ್ಡು ಇಸ್ಕೊಂಡ್ರಾ?' ಎಂದರು.

'ಇಲ್ಲ ಅಬ್ಬಾ, ಅವರ ಖುಷಿಗೆ ಕಟ್ಟಿದ್ದು ಅಂತ ಕಥೆ.'

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಿದಿರು ಹಾಕಿರ್ತಾರೆ. ಬರೀ ದಾರಕ್ಕೆ ಅಷ್ಟು ಹೂವು ನಿಲ್ಲಲ್ಲ' ಎಂದು ಹೇಳಿ, ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ ಇನ್ನೊಂದು ಹಿಡಿ ಮೊಗ್ಗು ತೆಗೆದುಕೊಂಡರು.